ಅತ್ತಿಗೆಯ ಕೋಟಿನ ರಾಶಿ

ನಮ್ಮ ಅತ್ತಿಗೆಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅವರನ್ನು ಹೊಗಳಬೇಕಾಗುತ್ತದೆ, ಹೊಗಳಿಕೆ ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಅತ್ತಿಗೆ ದಿನವಿಡೀ "ಹರಿದದ್ದನ್ನ ಎಸೀಬೇಡಿ, ಹೊಲೀರಿ" ಎಂದು ಮಕ್ಕಳಿಗೆ ಗಂಟಲು ಹರಿದುಕೊಂಡು ಹೇಳಿ, ಸಂಜೆ ಮನೆಗೆ ಬಂದು ತಮ್ಮ ಕಿತ್ತುಹೋದ ಗುಂಡಿಯನ್ನು ನನ್ನ ಮುಂದೆ ಹಿಡಿಯುತ್ತಾರೆ. "ಊರಿಗೆಲ್ಲ ಉಪದೇಶ, ಗುಂಡಿ ಹಾಕೋಕೆ ಮಾತ್ರ ನಾದಿನಿ" ಎಂದು ನಾನು ಹಂಗಿಸುತ್ತೇನೆ. "ನೀನಿದ್ದೀಯ ಅಂತಲೇ ನಾನು ಕಲೀಲಿಲ್ಲ ಕಣೇ, ನಿನ್ನ ಹೊಟ್ಟೆ ಮೇಲೆ ಯಾಕೆ ಹೊಡೀಲಿ" ಎಂದು ಅವರು ಉತ್ತರ ಕೊಡುತ್ತಾರೆ. ಉತ್ತರಕ್ಕೆ ಅವರಲ್ಲಿ ಎಂದೂ ಬರವಿಲ್ಲ.

ನಾನು ಟೈಲರ್. ನಮ್ಮ ಮನೆಯ ಬೀದಿ ಕಡೆಯ ಕೋಣೆಯೇ ನನ್ನ ಅಂಗಡಿ. ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ, ಇಸ್ತ್ರಿಯವರ ಅಂಗಡಿ. ನಡುವೆ ಇರುವುದು ಒಂದು ಕಿಟಕಿ. ಅವರು ಬಟ್ಟೆಗೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದರೆ ಆವಿಯ ವಾಸನೆ ನನ್ನ ಮೆಷಿನ್ನಿನವರೆಗೆ ಬರುತ್ತದೆ, ಇಲ್ಲಿ ನಾನು ನಕ್ಕರೆ ಅಲ್ಲಿ ಅವರಿಗೆ ಕೇಳುತ್ತದೆ. ಬೀದಿಯ ಬಟ್ಟೆಗಳೆಲ್ಲ ಒಂದಲ್ಲ ಒಂದು ದಿನ ನಮ್ಮಿಬ್ಬರ ಕೈ ಹಾದುಹೋಗುತ್ತವೆ.

ಇನ್ನು ರಾಶಿಯ ವಿಷಯ. ಅತ್ತಿಗೆಯ ಶಾಲೆಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಒಂದೇ ನಮೂನೆಯ ನೀಲಿ ಕೋಟು. ಕೋಟು ಗಟ್ಟಿ ಬಟ್ಟೆ, ಬಹಳ ವರ್ಷ ಬಾಳುತ್ತದೆ. ಮಕ್ಕಳು ಮಾತ್ರ ಅದಕ್ಕೆ ಕಾಯದೆ ಬೆಳೆದುಬಿಡುತ್ತಾರೆ. ಒಂದು ವರ್ಷ ತೋಳು ಮೊಣಕೈಗೇರಿದ ಕೋಟು ಹಾಕಿಕೊಂಡು ಬಂದ ಒಬ್ಬ ಹುಡುಗನನ್ನು ನೋಡಿ ಇಡೀ ತರಗತಿ ನಕ್ಕಿತಂತೆ. ಅತ್ತಿಗೆಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಒಂದು ನಿಯಮ ಹುಟ್ಟಿತು: ವರ್ಷದ ಕೊನೆಗೆ ಎಲ್ಲರೂ ತಮ್ಮ ಕೋಟನ್ನು ಒಗೆದು ತಂದು ಶಾಲೆಯ ಸಭಾಂಗಣದ ಮೇಜಿನ ಮೇಲೆ ರಾಶಿ ಹಾಕಬೇಕು. ಹೊಸ ವರ್ಷದ ಮೊದಲ ದಿನ ಎಲ್ಲರೂ ಆ ರಾಶಿಯಿಂದಲೇ ತಮ್ಮ ಅಳತೆಯದನ್ನು ಆರಿಸಿಕೊಳ್ಳಬೇಕು. ಎಲ್ಲರೂ ಅಂದರೆ ಎಲ್ಲರೂ. "ಎಲ್ಲರದ್ದೂ ಹಳೇದೇ ಆದ್ಮೇಲೆ ಯಾರನ್ನ ನೋಡಿ ನಗ್ತಾರೆ, ನಗಲಿ ನೋಡೋಣ!" ಎಂದರು. ಹರಿದದ್ದನ್ನು ಸರಿಮಾಡುವ ಕೆಲಸ ಯಾರದು ಎಂದು ನಾನು ಕೇಳಲೇ ಇಲ್ಲ. ಕೇಳಿ ಪ್ರಯೋಜನವೂ ಇರಲಿಲ್ಲ.

ಅದಕ್ಕೊಂದು ಪದ್ಧತಿಯನ್ನೂ ಸೇರಿಸಿದರು. ಕೋಟನ್ನು ರಾಶಿಗೆ ಹಾಕುವ ಮೊದಲು ಅದನ್ನು ತೊಟ್ಟವರು ಒಳಗಿನ ಅಸ್ತರಿನ ಮೇಲೆ ತಮ್ಮದೇ ಬಣ್ಣದ ದಾರದಲ್ಲಿ ಒಂದು ಸಣ್ಣ ಗುರುತು ಹೊಲಿಯಬೇಕು. ಒಬ್ಬಳದು ಹಸಿರು ಮೀನು, ಒಬ್ಬನದು ಕೆಂಪು ಏಣಿ, ಇನ್ನೊಬ್ಬನದು ಏನೆಂದು ಅವನಿಗೂ ಗೊತ್ತಿಲ್ಲದ ಒಂದು ಗಂಟು. ವರ್ಷದ ಮೊದಲ ಪಾಠವೇ ಆ ಗುರುತುಗಳ ಬೆನ್ನು ಹತ್ತುವುದು. "ಕೆಂಪು ಏಣಿ ಯಾರದು?" ಎಂದು ಬೀದಿ ಬೀದಿ ಕೇಳಿ, ಆ ಕೋಟು ತೊಟ್ಟಿದ್ದವರನ್ನು ಹುಡುಕಿ, ಅವರ ಬಾಯಿಂದ ಒಂದು ಕತೆ ತರಬೇಕು. ಅಲ್ಲಿಂದ ಅತ್ತಿಗೆ ಹಿಂದಕ್ಕೆ ಕರೆದುಕೊಂಡು ಹೋಗುತ್ತಾರೆ: ಹತ್ತಿಯ ಹೊಲ ಕುಡಿದ ನೀರು, ನೀಲಿ ಬಣ್ಣ ಕಲಸಿದ ತೊಟ್ಟಿಯ ಕೊಳೆ ಸೇರಿದ ನದಿ, ನೂಲುವಾಗ ಅಜ್ಜಿಯರು ಹೇಳಿಕೊಳ್ಳುತ್ತಿದ್ದ ಹಾಡು, ಕಾರ್ಖಾನೆಯಲ್ಲಿ ಬೆನ್ನು ಬಗ್ಗಿಸಿ ಕಾಜ ಹೊಲಿಯುವ ಹೆಂಗಸಿನ ಕೂಲಿ. ಭೂಮಿ, ಸಂಸ್ಕೃತಿ, ನ್ಯಾಯ ಎಂಬ ಮೂರು ದೊಡ್ಡ ಪಾಠಗಳನ್ನು ಒಂದು ಕೋಟಿನ ಜೇಬಿನಲ್ಲಿ ಹಾಕಿಕೊಂಡು ಓಡಾಡುವ ಹೆಂಗಸು ಅವರು. ಪುಸ್ತಕದ ಬದನೆಕಾಯಿ ಅವರ ತರಗತಿಯಲ್ಲಿ ನಡೆಯುವುದಿಲ್ಲ.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಇಸ್ತ್ರಿಯವರ ಮಗಳು ಆ ತರಗತಿಗೆ ಬರುವವರೆಗೆ.

ಶಾಲೆ ಶುರುವಾಗುವ ಮೊದಲು ಇಸ್ತ್ರಿಯವರು ನನ್ನ ಅಂಗಡಿಗೆ ಬಂದು ಕಾಗದದಲ್ಲಿ ಸುತ್ತಿದ್ದ ನೀಲಿ ಬಟ್ಟೆಯನ್ನು ಮೇಜಿನ ಮೇಲಿಟ್ಟರು.

"ಮಗಳಿಗೆ ಕೋಟು ಹೊಲಿದುಕೊಡಿ ಟೈಲರಮ್ಮ."

"ಅಣ್ಣ, ಅಲ್ಲಿನ ನಿಯಮ ಗೊತ್ತಲ್ಲ?"

"ಗೊತ್ತು. ನೀವು ಹೊಲೀರಿ."

ಹೊಲಿದೆ. ಮನಸ್ಸಿಟ್ಟು ಹೊಲಿದೆ. ಅಸ್ತರಿಗೆ ನುಣುಪು ಬಟ್ಟೆ ಹಾಕಿದೆ, ಕಾಲರಿಗೆ ಎರಡು ಸಲ ಹೊಲಿಗೆ ಓಡಿಸಿದೆ. ಆ ಹುಡುಗಿ ಅದನ್ನು ಹಾಕಿಕೊಂಡು ನನ್ನ ಕನ್ನಡಿಯ ಮುಂದೆ ನಿಂತಳು. ಜೇಬಿನಲ್ಲಿ ಕೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಅವಳಪ್ಪ ಬಾಗಿಲಲ್ಲೇ ನಿಂತು ನೋಡಿದರು, ಒಳಗೆ ಬರಲಿಲ್ಲ.

ಅಂದು ಊಟಕ್ಕೆ ಕೂತಾಗ ವಿಷಯ ಹೇಳಿದೆ. ಅತ್ತಿಗೆಯ ತುತ್ತು ಅರ್ಧದಲ್ಲೇ ನಿಂತಿತು.

"ನೀನೇ ಹೊಲಿದುಕೊಟ್ಯಾ?"

"ನಾನು ಟೈಲರ್, ಪೊಲೀಸ್ ಅಲ್ಲ. ಬಟ್ಟೆ ತಂದ್ರೆ ಹೊಲೀತೀನಿ."

"ಒಬ್ಬಳು ಹೊಸದು ಹಾಕಿದ್ರೆ ನಾಳೆ ಎಲ್ಲರೂ ಹಾಕ್ತಾರೆ ಕಣೇ. ಬೀದಿ ಕೊನೆಯ ಬಂಗಲೆಯವರು ಅದಕ್ಕೇ ಕಾಯ್ತಾ ಕೂತಿದ್ದಾರೆ."

"ಅವರಪ್ಪನ ಮುಖ ನೋಡಿದ್ರೆ ನೀವೂ ಬೇಡ ಅಂತಿರಲಿಲ್ಲ."

ನಮ್ಮಣ್ಣ ನೀರಿನ ಲೋಟ ಎತ್ತಿಕೊಂಡು ಎದ್ದು ಹೋದ. ಅತ್ತಿಗೆ ನಾದಿನಿ ದನಿ ಎತ್ತಿದಾಗ ಅವನಿಗೆ ಯಾವಾಗಲೂ ಬಾಯಾರಿಕೆ.

ಮರುದಿನ ಬೆಳಿಗ್ಗೆ ಅತ್ತಿಗೆ ಇಸ್ತ್ರಿ ಅಂಗಡಿಗೆ ಹೋದರು. ನಾನು ಮೆಷಿನ್ನಿನಿಂದ ಕಾಲು ತೆಗೆದು ಕಿಟಕಿಗೆ ಕಿವಿ ಕೊಟ್ಟೆ. ಮುಚ್ಚಿಡುವುದೇನು, ಕದ್ದೇ ಕೇಳಿಸಿಕೊಂಡೆ.

"ಅಣ್ಣ, ನಿಮ್ಮ ಮಗಳೂ ಎಲ್ಲರ ಹಾಗೆ ರಾಶಿಯಿಂದ ತಗೊಳ್ಳಲಿ. ಬಂಗಲೆಯವರ ಮಗನೂ ಅಲ್ಲಿ ಹಳೇದೇ ಹಾಕೋದು. ಸಮಾನ ಅಂದ್ರೆ ಅದೇ ಅಲ್ವಾ?"

ಇಸ್ತ್ರಿಯವರು ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ ಸದ್ದು ಕೇಳಿಸಿತು.

"ಟೀಚರಮ್ಮ, ಬಂಗಲೆ ಹುಡುಗ ಹಳೇ ಕೋಟು ಹಾಕಿದ್ರೆ ಜನ 'ಎಷ್ಟು ಸರಳ ನೋಡಿ' ಅಂತಾರೆ. ನನ್ನ ಮಗಳು ಹಾಕಿದ್ರೆ 'ಪಾಪ' ಅಂತಾರೆ. ಬಟ್ಟೆ ಒಂದೇ, ಮಾತು ಬೇರೆ."

ಅತ್ತಿಗೆ ಏನೋ ಹೇಳಲು ಹೊರಟರು. ಇಸ್ತ್ರಿಯವರು ಬಿಡಲಿಲ್ಲ.

"ಚಿಕ್ಕೋನಿದ್ದಾಗ ಗಿರಾಕಿಗಳು ಬಿಟ್ಟುಹೋದ ಬಟ್ಟೇನೇ ನಾನು ಹಾಕ್ತಿದ್ದಿದ್ದು. ಒಂದಿನ ಇದೇ ಬೀದೀಲಿ ಒಬ್ಬ ಹುಡುಗ ಎಲ್ಲರ ಮುಂದೆ ನನ್ನ ಅಂಗಿ ಹಿಡ್ಕೊಂಡು, 'ಇದು ನಂದು, ಬೇಡ ಅಂತ ಬಿಟ್ಟಿದ್ದು' ಅಂದ. ಎಲ್ಲರೂ ನಕ್ಕರು. ಮನೆಗೋಗಿ ಬಿಚ್ಚಿ ಬಿಸಾಕಿದೆ. ಬೆಳಿಗ್ಗೆ ಎದ್ದು ಮತ್ತೆ ಅದನ್ನೇ ಹಾಕ್ಕೊಂಡೆ, ಬೇರೆ ಇರಲಿಲ್ಲ. ಹಳೇದು ಬೇಕು ಅಂತ ನೀವು ಆರಿಸ್ಕೊಂಡಿದ್ದೀರಿ. ನಮಗೆ ಆರಿಸೋಕೆ ಯಾವತ್ತು ಬಿಟ್ಟರು? ನನ್ನ ಮಗಳು ಒಂದೇ ಒಂದು ಸಲ ಹೊಸದು ಹಾಕಲಿ. ಆಮೇಲೆ ಬೇಕಾದ್ರೆ ಅವಳೇ ಬೇಡ ಅನ್ನಲಿ."

ನಾನು ಕಾದೆ. ಅತ್ತಿಗೆಯಿಂದ ಉತ್ತರ ಬರಲಿಲ್ಲ. ನಾನು ಈ ಮನೆಯಲ್ಲಿ ಅವರನ್ನು ಕಂಡಾಗಿನಿಂದ ಅಂಥದ್ದು ನಡೆದಿರಲಿಲ್ಲ. "ಹಾಕಲಿ ಅಣ್ಣ" ಎಂದಷ್ಟೇ ಹೇಳಿ, ಚೀಲ ಹೆಗಲಿಗೇರಿಸಿ ಶಾಲೆಗೆ ನಡೆದರು.

ಸುದ್ದಿ ಹಬ್ಬಲು ಹೊತ್ತು ಬೇಕೆ? ಪೋಷಕರ ಸಭೆಯಲ್ಲಿ ಬಂಗಲೆಯಮ್ಮ ಎದ್ದು ನಿಂತರು. ಬೀದಿಯ ಕೊನೆಯ ದೊಡ್ಡ ಮನೆಯವರು, ಮೊದಲಿನಿಂದಲೂ ಕೋಟಿನ ರಾಶಿ ಕಂಡರೆ ಮೂಗು ಮುರಿಯುತ್ತಿದ್ದವರು. ರಾಶಿಯ ಲೆಕ್ಕದಲ್ಲಿ ಸಹಾಯ ಮಾಡಲು ಹೋಗಿದ್ದ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಇಸ್ತ್ರಿಯವರು ಮಾತ್ರ ಅಂಗಡಿ ಬಿಟ್ಟು ಬಂದಿರಲಿಲ್ಲ.

"ಒಬ್ಬೊಬ್ಬರಿಗೆ ಒಂದೊಂದು ನ್ಯಾಯಾನಾ ಮೇಡಂ?"

"ಹೌದು, ಒಬ್ಬೊಬ್ಬರಿಗೆ ಒಂದೊಂದು," ಎಂದರು ಅತ್ತಿಗೆ. "ಹಸಿದು ಬಂದವರಿಗೂ ಹೊಟ್ಟೆ ತುಂಬಿದವರಿಗೂ ಒಂದೇ ಸೌಟಲ್ಲಿ ಬಡಿಸಿದ್ರೆ ಅದು ನ್ಯಾಯ ಅಲ್ಲ, ಸೋಮಾರಿತನ. ಇಷ್ಟು ವರ್ಷ ಆ ಸೋಮಾರಿತನ ನಾನೇ ಮಾಡಿದೆ. ಈಗ ತಿದ್ಕೋತಿದ್ದೀನಿ. ಹೇಗೂ ಪ್ರತಿ ವರ್ಷ ಒಂದಷ್ಟು ಕೋಟು ತೇಪೆಗೂ ಬಾರದ ಹಾಗೆ ಸವೆದುಹೋಗ್ತವೆ, ರಾಶಿಗೆ ಹೊಸದು ಸೇರಲೇಬೇಕು. ಹೊಸದನ್ನ ಮೊದಲು ಹಾಕೋ ಹಕ್ಕು, ಹೊಸದನ್ನೇ ಕಾಣದವರದು."

"ಹಾಗಾದ್ರೆ ವರ್ಷದ ಕೊನೆಗೆ ಆ ಕೋಟು ರಾಶಿಗೆ ಬರಬೇಕು. ಬರಲಿಲ್ಲ ಅಂದ್ರೆ ಮುಂದಿನ ವರ್ಷ ನಾವೆಲ್ಲ ಹೊಸದೇ ಹೊಲಿಸೋದು. ರಾಶಿಗೀಶಿ ಏನೂ ಬೇಡ."

ಯಾರಿಗೂ ಬೇಡವಾಗಲು ಇಷ್ಟವಿಲ್ಲದ ಹೆಡ್‌ಮಾಸ್ಟರು ಕುತ್ತಿಗೆ ಒರೆಸಿಕೊಂಡು, "ಅದು ಸರಿಯಾದ ಮಾತು" ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟರು. ಅತ್ತಿಗೆ ವರ್ಷಗಟ್ಟಲೆ ಕಟ್ಟಿದ್ದು ಈಗ ಒಂದು ಕೋಟಿಗೆ ನೇತುಬಿತ್ತು.

"ಬರುತ್ತೆ ಬಿಡು," ಎಂದರು ಅತ್ತಿಗೆ ದಾರಿಯಲ್ಲಿ, ಎಂದಿನಂತೆ ನನಗಿಂತ ನಾಲ್ಕು ಹೆಜ್ಜೆ ಮುಂದೆ.

"ಇಸ್ತ್ರಿ ಅಣ್ಣನ್ನ ಕೇಳ್ತೀರಾ?"

"ಇಲ್ಲ."

"ಕೇಳದೆ ಅದು ಹೇಗೆ ಬರುತ್ತೆ? ಕಾಲು ಬಂದು ನಡ್ಕೊಂಡು ಬರುತ್ತಾ?"

"ಆ ಮನುಷ್ಯ ಜೀವಮಾನದಲ್ಲಿ ಮೊದಲನೇ ಸಲ ಒಂದು ಹೊಸ ಬಟ್ಟೆ ತಂದಿದ್ದಾರೆ. 'ಕೊನೆಗೆ ವಾಪಸ್ ಕೊಡಿ' ಅಂತ ನಾನು ಅಂದ್ರೆ, ಬೀದೀಲಿ ಅಂಗಿ ಹಿಡ್ಕೊಂಡ ಆ ಹುಡುಗನಿಗೂ ನನಗೂ ಏನು ವ್ಯತ್ಯಾಸ? ನೀನೂ ಬಾಯಿ ಬಿಡಬೇಡ. ಬಿಟ್ಟೆಯೋ, ನಾನು ನಿನ್ನ ಜೊತೆ ಮಾತಾಡಲ್ಲ."

ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಜಪ್ಪಯ್ಯ ಎಂದರೂ ಬಗ್ಗುವುದಿಲ್ಲ. ಪಕ್ಕದ ಕಿಟಕಿಯಲ್ಲೇ ಆ ಮನುಷ್ಯ ದಿನವೂ ಕಾಣುತ್ತಿದ್ದರೂ ಆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದು ವರ್ಷ ಕಳೆಯುವುದು ನನ್ನಂಥವಳಿಗೆ ಎಂಥ ಶಿಕ್ಷೆ ಎಂದು ನನ್ನ ಬಾಯಿ ಬಲ್ಲವರಿಗೇ ಗೊತ್ತು.

ಹುಡುಗಿ ಕೋಟು ಹಾಕಿಕೊಂಡು ಶಾಲೆಗೆ ಹೋದಳು. ಗೋಡೆಗೆ ಒರಗುತ್ತಿರಲಿಲ್ಲ, ಬೆಂಚಿನ ಮೇಲೆ ಕೂರುವ ಮೊದಲು ಕೈಯಿಂದ ಒರೆಸುತ್ತಿದ್ದಳು. ಆದರೆ ಗುರುತಿನ ಪಾಠ ಶುರುವಾದಾಗ ಒಂದು ಸಂಜೆ ಮುಖ ಊದಿಸಿಕೊಂಡು ನನ್ನ ಅಂಗಡಿಗೆ ಬಂದಳು.

"ಟೈಲರತ್ತೆ, ನನ್ನ ಕೋಟಲ್ಲಿ ಯಾರೂ ಇಲ್ಲ."

"ಅಂದ್ರೆ?"

"ಎಲ್ಲರ ಕೋಟಲ್ಲೂ ಯಾರ್ಯಾರೋ ಇದ್ದಾರೆ. ಬಂಗಲೆ ಹುಡುಗನ ಕೋಟಲ್ಲಿ ಹಸಿರು ಮೀನು ಇದೆ, ಅವನು ಆ ಅಕ್ಕನ ಮನೆ ಹುಡುಕಿಕೊಂಡು ಹೋಗಿದ್ದ. ಅವಳು ಈಗ ನರ್ಸ್ ಅಂತೆ. ನಂದು ಖಾಲಿ. ನಾನು ಯಾರನ್ನ ಹುಡುಕ್ಲಿ?"

"ಹೊಲಿದೋಳು ನಾನಿದ್ದೀನಲ್ಲೇ."

"ನೀವು ಹಾಕ್ಕೊಂಡಿಲ್ಲವಲ್ಲ," ಎಂದಳು. ಮಾತು ಸರಿಯಾಗೇ ಇತ್ತು.

ಅತ್ತಿಗೆಗೆ ಹೇಳಿದೆ. ಮರುದಿನ ಅವರು ಆ ಹುಡುಗಿಯನ್ನು ಕರೆದು, "ಈ ಕೋಟನ್ನ ಅಪ್ಪ ಯಾಕೆ ಹೊಸದಾಗೇ ಹೊಲಿಸಿದ್ರು ಅಂತ ಅವರನ್ನೇ ಕೇಳು. ಅವರು ಹೇಳಿದ್ರೆ ಅದೇ ನಿನ್ನ ಕತೆ. ತರಗತೀಲಿ ಹೇಳೋದು ಬಿಡೋದು ನಿಮ್ಮಿಬ್ಬರ ಇಷ್ಟ" ಎಂದರು. ಹುಡುಗಿ ಇಸ್ತ್ರಿ ಮೇಜಿನ ಪಕ್ಕದಲ್ಲಿ ನಿಂತು ಕೇಳಿದಳು. ಅಪ್ಪ ಮೊದಲು ಗದರಿದರು, ಕೊನೆಗೆ ಒಂದು ಸಂಜೆ ಹೇಳಿದರು. ಆ ಸಂಜೆ ನಾನು ಕಿಟಕಿ ಮುಚ್ಚಿದೆ. ನನಗೂ ಅಷ್ಟು ಮರ್ಯಾದೆ ಗೊತ್ತು.

ಅವಳು ತರಗತಿಯಲ್ಲಿ ಎದ್ದು ನಿಂತು ತನ್ನ ಕೋಟಿಗಿಂತ ಹಿಂದಿನ ಆ ಅಂಗಿಯ ಕತೆ ಹೇಳಿದಳಂತೆ. ಅಪ್ಪನೇ ಹೇಳು ಎಂದಿದ್ದರಂತೆ. ಕೊನೆಗೆ ಬಂಗಲೆಯ ಹುಡುಗ ಕೈ ಎತ್ತಿ, "ಅಂಗಿ ನಂದು ಅಂದ್ನಲ್ಲ, ಅವನಿಗೆ ಯಾರಾದ್ರೂ ಬೈದ್ರಾ?" ಎಂದು ಕೇಳಿದ. ಇಲ್ಲ ಎಂದಳು. "ಬೈಬೇಕಿತ್ತು" ಎಂದು ಕೂತುಬಿಟ್ಟ. ಇದನ್ನೆಲ್ಲ ಊಟದ ಹೊತ್ತಿಗೆ ಹೇಳುತ್ತಾ ಅತ್ತಿಗೆ ತಟ್ಟೆಯನ್ನು ಬೆರಳಿಂದ ಕೆದಕುತ್ತಿದ್ದರು, ಕಣ್ಣು ಮೇಲೆತ್ತಲಿಲ್ಲ. ನಾನೂ ಆ ರಾತ್ರಿ ಕಾಲೆಳೆಯಲಿಲ್ಲ.

ವರ್ಷದ ಕೊನೆಯ ದಿನ ಬಂತು. ಸಭಾಂಗಣದ ಮೇಜಿನ ಮೇಲೆ ನೀಲಿ ರಾಶಿ ಏರುತ್ತಿತ್ತು. ಹರಿದದ್ದನ್ನು ಬೇರೆ ಮಾಡಲು ನಾನು ಕತ್ತರಿ, ದಾರ ಇಟ್ಟುಕೊಂಡು ಕೂತಿದ್ದೆ. ಇಸ್ತ್ರಿಯವರ ಮಗಳು ಬರಿ ಅಂಗಿಯಲ್ಲಿ ಬಂದಳು, ಕೈಯಲ್ಲಿ ಏನೂ ಇರಲಿಲ್ಲ. ಬಂಗಲೆಯಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೆಡ್‌ಮಾಸ್ಟರ ಕಡೆ ತಿರುಗಿ ನಕ್ಕರು. ಅತ್ತಿಗೆ ಬಾಗಿಲ ಕಡೆ ಒಮ್ಮೆಯೂ ನೋಡದೆ ಕೋಟುಗಳನ್ನು ಮಡಚುತ್ತಿದ್ದರು, ಅದೂ ಸೊಟ್ಟಸೊಟ್ಟಗೆ. ಬಾಗಿಲು ನೋಡುವ ಕೆಲಸ ನಾನೇ ಮಾಡಿದೆ.

ಎಲ್ಲರೂ ಹೊರಡುವ ಹೊತ್ತಿಗೆ ಇಸ್ತ್ರಿಯವರು ಬಂದರು. ಎರಡೂ ಕೈ ಚಾಚಿ, ಒಂದು ಮಡಿಕೆಯೂ ಕೆಡದ ಹಾಗೆ, ಕೋಟನ್ನು ಹೊತ್ತು ತಂದಿದ್ದರು. ಅದರ ಬಿಸಿ ಇನ್ನೂ ಆರಿರಲಿಲ್ಲ.

ಆಗ ನಮ್ಮ ಅತ್ತಿಗೆ ಏನು ಹೇಳಿದರು ಗೊತ್ತೆ? "ಅಣ್ಣ, ಕೊಡೋಕೆ ಮನಸ್ಸಿಲ್ಲ ಅಂದ್ರೆ ಇಟ್ಕೊಳ್ಳಿ. ಯಾರೂ ಏನೂ ಅನ್ನಲ್ಲ." ಕೈಯಲ್ಲಿದ್ದ ಕತ್ತರಿಯನ್ನು ಅವರ ಮೇಲೆ ಎಸೆಯಬೇಕೆನ್ನಿಸಿತು ನನಗೆ.

"ನಾನೆಲ್ಲಿ ಕೊಡ್ತಿದ್ದೀನಿ ಟೀಚರಮ್ಮ? ಅವಳು ಕೊಡ್ತಿದ್ದಾಳೆ," ಎಂದರು ಅವರು. "ನಾನು ಬೇಡ ಅಂದಿದ್ದಕ್ಕೆ ನನ್ನ ಜೊತೆ ಮಾತೇ ಬಿಟ್ಟಿದ್ಲು. 'ಹೊಸದು ಹಾಕಾಯ್ತಲ್ಲಪ್ಪ, ಈಗ ಬೇರೆಯವರು ನನ್ನನ್ನ ಹುಡುಕಿಕೊಂಡು ಬರಲಿ' ಅಂತಾಳೆ. ಕೊಡೋದೇ ಆದ್ರೆ ಸುಕ್ಕು ಇಲ್ಲದೆ ಕೊಡೋಣ ಅಂತ ನಿಂತೆ, ತಡ ಆಯ್ತು."

ಹುಡುಗಿ ಓಡಿ ಬಂದು ಅಸ್ತರು ಬಿಡಿಸಿ ತೋರಿಸಿದಳು. ನುಣುಪು ಬಟ್ಟೆಯ ನಡುವೆ ಹಳದಿ ದಾರದಲ್ಲಿ ಒಂದು ಪುಟ್ಟ ಇಸ್ತ್ರಿ ಪೆಟ್ಟಿಗೆ. "ಇದರಲ್ಲಿ ಮೊದಲನೇ ಗುರುತು ನಂದು ಮಿಸ್." ಅತ್ತಿಗೆ ಅದರ ಮೇಲೆ ಬೆರಳಾಡಿಸಿ, "ಹೊಲಿಗೆ ನನಗಿಂತ ಚೆನ್ನಾಗಿದೆ" ಎಂದರು. ಎಲ್ಲರೂ ನಕ್ಕರು. ರಾಶಿ ಉಳಿಯಿತು.

ಹೊಸ ವರ್ಷದ ಮೊದಲ ದಿನ ಗೇಟು ತೆಗೆಯುವ ಮುಂಚೆಯೇ ಬಂದು ನಿಂತಿದ್ದವರು ಯಾರು? ಬಂಗಲೆಯಮ್ಮ. ಹಳೆಯದೇ ಗತಿಯಾದರೆ ಹಳೆಯದರಲ್ಲಿ ಹೊಸದು ಬೇಕಲ್ಲ! ಮಗನನ್ನು ಎಳೆದುಕೊಂಡು ಬಂದು, ರಾಶಿಯನ್ನು ಮೇಲೆ ಕೆಳಗೆ ಮಾಡಿ, ಎಲ್ಲಕ್ಕಿಂತ ಹೊಳೆಯುವ ಕೋಟನ್ನು ಹಿಡಿದರು. ಅಳತೆ ನೋಡಲು ಕೂತಿದ್ದ ನಾನು ಗುರುತು ಹಿಡಿದೆ.

"ಒಳಗೆ ಒಂದ್ಸಲ ನೋಡ್ತೀರಾ ಮೇಡಂ?"

"ಬೇಡ ಬೇಡ, ಬಟ್ಟೆ ನೋಡಿದ್ರೆ ಗೊತ್ತಾಗಲ್ವಾ? ಒಳ್ಳೇ ಮನೆಯವರು ಹಾಕಿದ್ದು."

"ಹೌದು ಮೇಡಂ, ಬಹಳ ಒಳ್ಳೇ ಮನೆಯವರು," ಎಂದೆ. ಭುಜವೂ ಸರಿಯಾಗಿ ಕೂತಿತು.

ಕೆಲವು ದಿನ ಕಳೆದು, ಒಂದು ಸಂಜೆ ಅತ್ತಿಗೆ ಶಾಲೆಯಿಂದ ಬಂದು ನನ್ನ ಅಂಗಡಿಯಲ್ಲಿ ಕೂತು ಮತ್ತೊಂದು ಕಿತ್ತ ಗುಂಡಿಯನ್ನು ಮುಂದೆ ಹಿಡಿದಿದ್ದರು. ಬೀದಿಯಲ್ಲಿ ಜನ ಕೆಲಸ ಮುಗಿಸಿ ಮನೆಗೆ ಹೋಗುವ ಹೊತ್ತು. ಬಂಗಲೆಯ ಹುಡುಗ ಇಸ್ತ್ರಿ ಅಂಗಡಿಯ ಎದುರಿಗೆ, ಬೀದಿಯ ನಟ್ಟನಡುವೆ ಬಂದು ನಿಂತ. ಅಂಗಡಿಯ ಒಳಗೆ ಹೋಗಲಿಲ್ಲ. ಕೋಟಿನ ಗುಂಡಿ ಬಿಚ್ಚಿ, ಅಸ್ತರನ್ನು ಹೊರಗೆ ಮಾಡಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಅಂಕಲ್, ಈ ಕೋಟು ನಿಮ್ಮ ಮಗಳದಾ?"

ಹೋಗುತ್ತಿದ್ದವರು ನಿಂತರು. ಇಸ್ತ್ರಿಯವರು ಪೆಟ್ಟಿಗೆಯನ್ನು ಎತ್ತಿದವರು ಎತ್ತಿದ ಹಾಗೇ ಇದ್ದರು. ನನ್ನ ಕಿಟಕಿಯಲ್ಲಿ ಅವರ ಮುಖ ಚೆನ್ನಾಗಿ ಕಾಣುತ್ತಿತ್ತು. ಅವರು ಪೆಟ್ಟಿಗೆ ಇಳಿಸಿ, ಕೈ ಒರೆಸಿಕೊಂಡು, ಅಂಗಡಿಯಿಂದ ಹೊರಗೆ ಬಂದು ನಿಂತರು.

"ಹೌದು. ನನ್ನ ಮಗಳದು," ಎಂದರು. ಅವರ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. "ಈಗ ನಿಂದು."

ಹುಡುಗ ನಕ್ಕ. ಅವರು ಹತ್ತಿರ ಹೋಗಿ ಅವನ ಕಾಲರನ್ನು ಮುಟ್ಟಿ ನೋಡಿದರು. "ಒಳಗೆ ಬಂದು ಮೆತ್ತಗೆ ಕೇಳಬಹುದಿತ್ತಲ್ಲ ಮಗ?"

"ಇಲ್ಲ ಅಂಕಲ್. ಜೋರಾಗೇ ಕೇಳಬೇಕಿತ್ತು."

ನನಗೆ ಅಳು ಬಂತು, ಅತ್ತುಬಿಟ್ಟೆ. ಅದರಲ್ಲಿ ನಾಚಿಕೆ ಏನು? ಪಕ್ಕಕ್ಕೆ ತಿರುಗಿದರೆ, ಉತ್ತರಕ್ಕೆ ಎಂದೂ ಬರವಿಲ್ಲದ ನಮ್ಮ ಅತ್ತಿಗೆ ನನ್ನ ಸೂಜಿಯನ್ನೂ ದಾರವನ್ನೂ ಕೈಗೆತ್ತಿಕೊಂಡು, ಪೋಣಿಸಲು ಒದ್ದಾಡುತ್ತಿದ್ದರು. ಕಣ್ಣು ತುಂಬಿದ್ದವರಿಗೆ ಸೂಜಿಯ ಕಣ್ಣು ಎಲ್ಲಿ ಕಾಣಬೇಕು? ನಾನೇ ಕಸಿದುಕೊಂಡು ಗುಂಡಿ ಹಾಕಿಕೊಟ್ಟೆ.

ಅತ್ತ ಇಸ್ತ್ರಿಯವರು ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ, ಕೋಟು ಬಿಚ್ಚಿಸಿ, ಮೇಜಿನ ಮೇಲೆ ಹರಡಿದರು. "ಕಾಲರ್ ಸುಕ್ಕಾಗಿದೆ, ಒಂದು ನಿಮಿಷ ಕೂತ್ಕೋ" ಎಂದು ನೀರು ಚಿಮುಕಿಸಿದರು. ಬಂಗಲೆಯಿಂದ ಇಸ್ತ್ರಿಗೆ ಬಂದಿದ್ದ ಬಟ್ಟೆಯ ಗಂಟು ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ಅವರು ಮೊದಲು ಮಗಳ ಕೋಟಿಗೆ ಇಸ್ತ್ರಿ ಹಾಕಿದರು.